ಸ್ಟೋರ್ ರೂಮಿನ ಬೀಗ ತೆಗೆಸಿ ಮೇಷ್ಟ್ರೇ

ಹಾಸನದ ಉಪನ್ಯಾಸಕರೊಬ್ಬರ ಪತ್ರ: "ನಮ್ಮ ಕಾಲೇಜಿನ ಕೊಠಡಿಗಳು ಸೋರುತ್ತಿವೆ. ಅತಿಥಿ ಉಪನ್ಯಾಸಕರಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಇಂಥ ಹೊತ್ತಲ್ಲಿ ಸರ್ಕ್ಯುಲರ್ ಎಕಾನಮಿ, ಅಂದರೆ ವಸ್ತುಗಳನ್ನು ಬಿಸಾಡದೆ ಮತ್ತೆ ಮತ್ತೆ ಬಳಸುವ ಪದ್ಧತಿ ಬಗ್ಗೆ ವಿಚಾರ ಸಂಕಿರಣ ಮಾಡಿ ಅನ್ನುತ್ತಾರೆ ಮೇಲಿನವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನೀವೂ ಅದನ್ನೇ ಹೊಗಳಿ ಬರೆಯುತ್ತೀರಿ."

ಸಂಪಾದಕರ ಉತ್ತರ:

ಮೇಷ್ಟ್ರೇ, ಅರ್ಧ ನಿಮ್ಮ ಮಾತೇ ಸರಿ. ನಾನೂ ಅಂಥದ್ದೊಂದು ಸಂಕಿರಣಕ್ಕೆ ಹೋಗಿದ್ದೆ. ವೇದಿಕೆ ಹಿಂದೆ ದೊಡ್ಡ ಪ್ಲಾಸ್ಟಿಕ್ ಫ್ಲೆಕ್ಸು, ಅದನ್ನ ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ, ಅದರ ಮೇಲೇ 'ತ್ಯಾಜ್ಯಮುಕ್ತ ಕ್ಯಾಂಪಸ್' ಅಂತ ಬರೆಸಿದ್ದರು. ಸರ್ಕ್ಯುಲರ್ ಅಂದರೆ ನಮ್ಮ ಕಾಲೇಜುಗಳಿಗೆ ಮೊದಲು ನೆನಪಾಗೋದು ಸುತ್ತೋಲೆ ಅಲ್ವಾ?

ಊಟ ಮುಗಿಸಿ ಕೈ ತೊಳೆಯಲು ಹೋದರೆ ಪಕ್ಕದ ಸ್ಟೋರ್ ರೂಮಿನ ಬಾಗಿಲು ತೆರೆದಿತ್ತು. ಸೊಂಟದೆತ್ತರಕ್ಕೆ ಪೇರಿಸಿದ ಸಿಪಿಯುಗಳು, ಒಂದೊಂದರ ಮೇಲೂ ಬಿಳಿ ಪೇಂಟಿನಲ್ಲಿ ನಂಬರ್. ಒಂದು ಕಾಲು ಸಡಿಲವಾದ ಡೆಸ್ಕುಗಳು, ಅವುಗಳ ಮೇಲೆ ಸೋರಿದ ನೀರಿನ ಕಲೆ. ಕೆಟ್ಟಿವೆಯಾ ಅಂತ ಕೇಳಿದೆ. "ಕೆಟ್ಟಿಲ್ಲ ಸಾರ್, ವಿಂಡೋಸ್ ಹತ್ತು ನಿಂತೋಯ್ತು, ಹನ್ನೊಂದು ಇದಕ್ಕೆ ಕೂರಲ್ಲ" ಅಂದರು ಅಟೆಂಡರ್. ನಿಜ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಎಷ್ಟೋ ಹಳೇ ಯಂತ್ರಗಳಲ್ಲಿ ಇಲ್ಲ. ಆದರೆ ಅದೇ ಪೆಟ್ಟಿಗೆಗೆ ವೇಗದ ಡಿಸ್ಕು, ಅಂದರೆ ಒಂದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಕೂರಿಸಿದರೆ ಪೈಥಾನ್ ಪ್ರೋಗ್ರಾಮಿಂಗ್ ಕಲಿಯೋಕೆ, ಪ್ರಾಜೆಕ್ಟ್ ಟೈಪ್ ಮಾಡೋಕೆ ಧಾರಾಳ. ಲೆಕ್ಕಪತ್ರ ಬರೆಯೋ ಟ್ಯಾಲಿಗೆ ಮಾತ್ರ ಲಿನಕ್ಸಿನಲ್ಲಿ ತೊಡಕು, ಅದಕ್ಕೆ ನಾಲ್ಕು ಹೊಸದು ತಗೊಳ್ಳಿ, ನಲವತ್ತು ಯಾಕೆ?

ಸರ್ಕ್ಯುಲರ್ ಎಕಾನಮಿ ಅಂದರೆ ಗುಜರಿಗೆ ಹಾಕೋದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಗುಜರಿ ಅದರಲ್ಲಿ ಕಟ್ಟಕಡೆಯದು. ಮೊದಲು ಬಳಸೋದು, ಆಮೇಲೆ ರಿಪೇರಿ, ಆಮೇಲೆ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಹಾಕೋದು. ಕಂಪ್ಯೂಟರನ್ನ ಗುಜರಿಗೆ ಹಾಕಿದರೆ ತಾಮ್ರ, ಚೂರು ಚಿನ್ನ ವಾಪಸ್ ಬಂದೀತು, ಆ ಕಂಪ್ಯೂಟರ್ ತಯಾರಿಸಲು ಸುಟ್ಟ ಕರೆಂಟು ಬರುವುದಿಲ್ಲ. 2020ರಲ್ಲಿ ಕಾಲೇಜು ಮುಚ್ಚಿದಾಗ ಇದನ್ನ ಯಾರೂ ಪಾಠ ಮಾಡಲಿಲ್ಲ, ಸ್ಕ್ರೀನ್ ಒಡೆದ ಫೋನನ್ನೇ ರಿಪೇರಿ ಮಾಡಿಸಿ, ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕ್ಲಾಸ್ ಕೇಳಿದ ಮಕ್ಕಳು ನಮ್ಮ ಮಲೆನಾಡಿನವರೇ. ದುಡ್ಡಿಲ್ಲದ ಕಾಲಕ್ಕೇ ಹೊಂದುವ ವಿದ್ಯೆ ಇದು, ನಿಮ್ಮ ಗಾದೆ ಇಲ್ಲಿ ನನಗೆ ಒಪ್ಪಿಗೆಯಾಗದ್ದು ಅದಕ್ಕೇ.

ಗಂಟು ಇರೋದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ಕಾಲೇಜಿನ ಸಾಮಾನುಗಳ ಲೆಕ್ಕದ ಪುಸ್ತಕದಲ್ಲಿ. ಹೊಸದು ಕೊಳ್ಳಲು ಹೇಗೋ ಅನುದಾನ ಬರುತ್ತದೆ, ಡೆಸ್ಕಿನ ಕಾಲಿಗೆ ನಾಲ್ಕು ಸ್ಕ್ರೂ ಕೊಳ್ಳಲು ಬಿಲ್ಲಿಗೆ ಯಾವ ಖರ್ಚಿನ ಹೆಡ್ಡೂ ಸಿಗುವುದಿಲ್ಲ. ಆಡಿಟ್‌ನವರು ಕೇಳಿದರೆ ಅನ್ನೋ ಭಯಕ್ಕೆ ಯಾರೂ ಮುಟ್ಟುವುದಿಲ್ಲ, ಸಮಿತಿ ಕೂತು ಕೆಲಸಕ್ಕೆ ಬಾರದ್ದು ಅಂತ ಕಂಡಮ್ ಮಾಡಿ ಹರಾಜು ಹಾಕೋ ಹೊತ್ತಿಗೆ ಇಲಿ ವೈರು ತಿಂದಿರುತ್ತದೆ.

ಸಂಕಿರಣ ಮಾಡಲೇಬೇಕು ಅಂದರೆ ಆ ದಿನ ಹುಡುಗರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಮೂರು ಗುಡ್ಡೆ ಮಾಡಿಸಿ: ಓಡೋದು, ಬಿಡಿಭಾಗಕ್ಕೆ ಆಗೋದು, ಗುಜರಿ. ಮೂರನೆಯದನ್ನ ಸೈಕಲ್ ಮೇಲೆ ಬರೋ ಗುಜರಿಯವರಿಗೆ ಕೊಡಬೇಡಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಡಿ ನೋಂದಾಯಿಸಿದ ಮರುಬಳಕೆಯವರೇ ಇದ್ದಾರೆ, ಅವರಿಗೆ ಕೊಡಿ.

ಸಂಬಳದ ವಿಷಯ ಇದರಿಂದ ಬಗೆಹರಿಯೋದಿಲ್ಲ, ಅದು ಬೇರೆಯದೇ ಜಗಳ. ಎಷ್ಟು ಜನರದ್ದು, ಎಷ್ಟು ತಿಂಗಳದ್ದು ಅಂತ ಬರೆದು ಕಳಿಸಿ. ಮೂರು ಗುಡ್ಡೆಯ ಲೆಕ್ಕವನ್ನೂ ಕಳಿಸಿ, ಎರಡನ್ನೂ ಒಂದೇ ಪುಟದಲ್ಲಿ ಹಾಕುತ್ತೇವೆ.