ತಲೆಗೆ ಪೆಟ್ಟು ಬಿದ್ದು ತಿಂಗಳುಗಳಾದ ಮೇಲೆ ಫಿಟ್ಸ್ ಯಾಕೆ ಬರುತ್ತದೆ?

ಯಾದಗಿರಿಯಲ್ಲಿ ಬೈಕಿನಿಂದ ಬಿದ್ದ ತಮ್ಮನಿಗೆ ತಿಂಗಳುಗಳಾದ ಮೇಲೆ ಫಿಟ್ಸ್ ಬಂತು, ಯಾಕೆ ಎಂದು ಕೇಳಿದ್ದೀರಿ. ಅವನಿಗೆ ಹೊರಗಿನ ಗಾಯ ಮಾಯ್ದಿದ್ದರೂ ಒಳಗೆ ಮೆದುಳಿನ ವೈರಿಂಗ್ ಬದಲಾಗುತ್ತಲೇ ಇತ್ತು. ಅದಕ್ಕೇ ಫಿಟ್ಸ್ ತಡವಾಗಿ ಬಂತು.

ಪೆಟ್ಟಾದಾಗ ನರಕೋಶಗಳು ಬಿಡಿಎನ್‌ಎಫ್ ಎಂಬ ಬೆಳವಣಿಗೆ ಅಂಶವನ್ನು, ಅಂದರೆ ಕೋಶ ಬದುಕಿ ಚಿಗುರಲು ನೆರವಾಗುವ ಪ್ರೋಟೀನನ್ನು, ಹೆಚ್ಚು ಹೊರಬಿಡುತ್ತವೆ. ಅದು ದುರಸ್ತಿಗೆ ಬೇಕು. ಆದರೆ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರತಂತುಗಳು ಕೆಲವೊಮ್ಮೆ ಹಿಂದಕ್ಕೆ ತಿರುಗಿ ನೆರೆಯ ಕೋಶಗಳಿಗೇ ಕೂಡಿಕೊಳ್ಳುತ್ತವೆ. ಆಮೇಲೆ ಒಂದು ಕೋಶ ಕೆರಳಿದರೆ ಸುತ್ತಲಿನವೂ ಒಟ್ಟಿಗೇ ಕೆರಳುತ್ತವೆ. ಬಿಡಿಎನ್‌ಎಫ್ ಸಂದೇಶ ಹಿಡಿಯುವ ಟಿಆರ್‌ಕೆಬಿ ಎಂಬ ಗ್ರಾಹಕ ಪ್ರೋಟೀನು ಮೆದುಳಿನಲ್ಲಿ ಇಲ್ಲದಂತೆ ಮಾಡಿದ ಇಲಿಗಳಲ್ಲಿ, ಮತ್ತೆ ಮತ್ತೆ ವಿದ್ಯುತ್ ಪ್ರಚೋದನೆ ಕೊಟ್ಟರೂ ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಬೆಳೆಯಲಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಸುಳಿವು.

ಈಗಿನ ಮಾತ್ರೆಗಳು ಫಿಟ್ಸ್ ತಡೆಯುತ್ತವೆ, ವೈರಿಂಗ್ ಸರಿಪಡಿಸುವುದಿಲ್ಲ. ಆರಾಮಾಯ್ತೆಂದು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡದೆ ಮಗ್ಗುಲಿಗೆ ಮಲಗಿಸಿ.