ಸಾಕ್ಷಿಗೆ ಏನು ಕೇಳಿದ್ರಿ, ಅದನ್ನು ಬರೆಯಿರಿ

ನಮಸ್ಕಾರ.

ನಮ್ಮಲ್ಲಿ ಪ್ರಕಟಿಸಲು ನೀವು ಕಳಿಸಿದ ‘ಆಟದ ಮೇಜಿನ ಮೇಲೊಂದು ಕೋರ್ಟು’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಸಿಟ್ಟಿಗೆ.

ಖುಷಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಭಾಷೆ ಸರಾಗವಾಗಿದೆ. ಕಾಗುಣಿತದ ತಪ್ಪು ಕಡಿಮೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ವಿದ್ಯಾನಗರದ ನಿಮ್ಮ ರೂಮಿಗೆ ಹೇಗೆ ಬಂತು, ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೆಲಸ ಏನು, 20 ಮುಖದ ದಾಳ ಯಾಕೆ, ಎಲ್ಲ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಬರೆದಿದ್ದೀರಿ. ಆಯ್ತು.

ನನ್ನನ್ನು ನೆಟ್ಟಗೆ ಕೂರಿಸಿದ್ದು ನೀವು ಆರಿಸಿಕೊಂಡ ಕೇಸು. ಬೆಟ್ಟದ ಮೇಲೊಂದು ಕೋಟೆ. ಗೋಡೆಯಲ್ಲೊಂದು ಕಿಂಡಿ. ಅದನ್ನು ಕಾಯೋನು ಒಬ್ಬ ಡ್ವಾರ್ಫ್, ಅಂದರೆ ಈ ಆಟದ ಕುಳ್ಳ ಜನಾಂಗದವನು. ಅವನು ಊಟಕ್ಕೆ ಮನೆಗೆ ಹೋದ ಹೊತ್ತಿಗೇ ಶತ್ರುಗಳು ನುಸುಳಿದರು. ಹೆಂಡತಿ ಒನಕೆ ಹಿಡಿದು ನಿಂತಳು, ಕೋಟೆ ಉಳಿಸಿ ಸತ್ತಳು. ಈಗ ಗಂಡ ಕಟಕಟೆಯಲ್ಲಿದ್ದಾನೆ. ಕಾಸು ತಗೊಂಡು ಜಾಗ ಬಿಟ್ಟ ಅಂತ ಆರೋಪ. ನಿಮ್ಮ ಆಟಗಾರರು ಅವನ ವಕೀಲರು.

ಇದು ಎಲ್ಲಿಯ ಕತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದುರ್ಗಕ್ಕೆ ಹೋಗಿ ಓಬವ್ವನ ಕಿಂಡಿ ಮುಂದೆ ಫೋಟೋ ತೆಗೆಸಿಕೊಳ್ಳದವರು ಯಾರಿದ್ದಾರೆ? ಆದರೆ ಊಟಕ್ಕೆ ಹೋದ ಆ ಗಂಡನ ಪಾಡೇನಾಯ್ತು ಅಂತ ನಾನು ಇಷ್ಟು ವರ್ಷದಲ್ಲಿ ಒಂದು ನಿಮಿಷವೂ ಯೋಚಿಸಿರಲಿಲ್ಲ. ನೀವು ಯೋಚಿಸಿದ್ರಿ. ಮುಂದಿನ ಪುಟಗಳ ಮೇಲೆ ಇಷ್ಟು ಸಿಟ್ಟು ಬಂದದ್ದೂ ಅದಕ್ಕೇ.

ಮೊದಲು ಒಂದು ಸಣ್ಣದು. ‘ನ್ಯಾಯಾಧೀಶೆ ಸುತ್ತಿಗೆ ಬಡಿದು ಆರ್ಡರ್ ಆರ್ಡರ್ ಎಂದಳು.’ ನಾನು ಕೋರ್ಟಿನ ವರದಿ ಬರೆಯುತ್ತಲೇ ಈ ಕೆಲಸಕ್ಕೆ ಇಳಿದವನು. ದಾವಣಗೆರೆ ಕೋರ್ಟಿನಲ್ಲಿ ಒಂದು ದಿನವೂ ಸುತ್ತಿಗೆ ಕಂಡಿಲ್ಲ. ಅದು ಸಿನಿಮಾದವರ ಸಾಮಾನು. ನಿಮ್ಮ ನ್ಯಾಯಾಧೀಶೆ ನಾನೂರು ವರ್ಷದ ಎಲ್ಫ್, ಅಂದರೆ ಈ ಆಟದ ದೀರ್ಘಾಯುಷಿ ಜನಾಂಗದವಳು. ಅವಳು ಬರೀ ತಲೆ ಎತ್ತಿದರೆ ಸಾಕು, ಜನ ಸುಮ್ಮನಾಗಲ್ವಾ? ಒಂದು ಸೋಮವಾರ ಸಿರಿಗೆರೆಗೆ ಹೋಗಿ ಬನ್ನಿ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಜಗಳ ಹೊತ್ತು ಬಂದ ಜನ ಹೇಗೆ ಮಾತು ಶುರು ಮಾಡುತ್ತಾರೆ, ಎಲ್ಲಿ ತಡೆಯುತ್ತಾರೆ, ನೋಡಿ. ನಿಮ್ಮ ಎಲ್ಫ್ ದರ್ಬಾರಿಗೆ ಸಿನಿಮಾ ಕೋರ್ಟಿಗಿಂತ ಅದು ಹತ್ತಿರ.

ಈಗ ದೊಡ್ಡದು. ಈ ಸಾಲುಗಳು ನಿಮ್ಮವು: ‘ನಮ್ಮ ವಕೀಲ ನೀರು ಮಾರುವ ಹೆಂಗಸನ್ನು ತೀಕ್ಷ್ಣವಾಗಿ ಪಾಟಿಸವಾಲಿಗೆ ಒಳಪಡಿಸಿದ. ದಾಳ ಉರುಳಿಸಿದ. 18 ಬಂತು. ಆಕೆ ತಡಬಡಾಯಿಸಿ ಸತ್ಯ ಒಪ್ಪಿಕೊಂಡಳು.’

‘ತೀಕ್ಷ್ಣವಾಗಿ’ ಅಂದರೆ ಹೇಗೆ? ದನಿ ಏರಿಸಿದನಾ, ಇಳಿಸಿದನಾ? ‘ದಾಳ ಉರುಳಿಸಿದ’ ಅಂತೀರಿ. ಯಾವುದಕ್ಕೆ? ಅವನು ಇನ್ನೂ ಏನೂ ಕೇಳಿಯೇ ಇಲ್ಲ. ‘18 ಬಂತು.’ 4 ಬಂದಿದ್ದರೆ ಆ ಬಡಪಾಯಿಗೆ ನೇಣಾ? ‘ತಡಬಡಾಯಿಸಿ.’ ಯಾವ ಮಾತಿಗೆ ತಡಬಡಾಯಿಸಿದಳು? ಅಪರಿಚಿತನೊಬ್ಬ ಕಾವಲುಗಾರನ ಕೈಗೆ ದುಡ್ಡಿನ ಚೀಲ ಕೊಟ್ಟಿದ್ದನ್ನು ಕಂಡೆ ಅಂತ ಹಿಂದಿನ ಪುಟದಲ್ಲಿ ಹೇಳಿದ್ದಾಳೆ. ಎಲ್ಲಿ ನಿಂತು ಕಂಡಳು? ಆಗ ತಲೆ ಮೇಲೆ ಕೊಡ ಇತ್ತಾ? ಇಡೀ ಲೇಖನ ಇರುವುದೇ ಕೋರ್ಟಿನ ಆಟದ ಬಗ್ಗೆ. ಅದರಲ್ಲಿ ಒಂದೇ ಒಂದು ಪ್ರಶ್ನೆ ಇಲ್ಲ!

ಇದು ನನ್ನ ಹಳೇ ಗಾಯ, ಅದಕ್ಕೇ ಇಷ್ಟು ಜೋರು. 1998ರಲ್ಲಿ, ದಾವಣಗೆರೆ ಜಿಲ್ಲೆಯಾದ ಮರುವರ್ಷ, ಇಲ್ಲಿನ ಒಂದು ಪತ್ರಿಕೆಗೆ ಸೇರಿದೆ. ಮೊದಲ ವಾರವೇ ಕೋರ್ಟಿಗೆ ಕಳಿಸಿದರು. ಚನ್ನಗಿರಿ ಕಡೆಯ ಒಂದು ಅಡಿಕೆ ಕಳವಿನ ಕೇಸು. ವಾಪಸ್ ಬಂದು, ‘ಪ್ರತಿವಾದಿ ವಕೀಲರು ಸಾಕ್ಷಿಯನ್ನು ಸಮರ್ಥವಾಗಿ ಪಾಟಿಸವಾಲಿಗೆ ಒಳಪಡಿಸಿದರು’ ಅಂತ ಬರೆದುಕೊಟ್ಟೆ. ಡೆಸ್ಕಿನ ಹಿರಿಯರು ಮಂಡಕ್ಕಿ ತಿನ್ನುತ್ತಿದ್ದರು. ಪೊಟ್ಟಣದಿಂದ ಕೈ ತೆಗೆಯದೆ ಕೇಳಿದರು, “ಏನ್ ಕೇಳಿದ್ರು?” ನನಗೆ ನೆನಪಿರಲಿಲ್ಲ. ವಕೀಲರ ದನಿ ಸಣ್ಣದು, ಮುಖದಲ್ಲಿ ಕಳೆ ಇಲ್ಲ, ನಾನು ಬೋರಾಗಿ ಕಿಟಕಿ ಆಚೆ ನೋಡುತ್ತಾ ಕೂತಿದ್ದೆ. “ಹೋಗು, ಕೇಳ್ಕಂಡು ಬಾ” ಅಂದರು. ಮಿರ್ಚಿ ಕಚ್ಚಿ ಬೇರೆ ಕಾಪಿ ಎತ್ತಿಕೊಂಡರು.

ಮರುದಿನ ಆ ವಕೀಲರ ಗುಮಾಸ್ತರನ್ನು ಹಿಡಿದೆ. ಅವರು ಚಹಾದ ಅಂಗಡಿ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಆರೋಪಿ ರಾತ್ರಿ ಹೊತ್ತು ಒಣ ಅಡಿಕೆ ಚೀಲ ಹೊತ್ತುಕೊಂಡು ಹೋಗಿದ್ದನ್ನು ಕಂಡೆ ಅಂತ ಸಾಕ್ಷಿ ಹೇಳಿದ್ದ.

“ಚೀಲದ ಬಾಯಿ ತೆರೆದಿತ್ತಾ?”

“ಇಲ್ರೀ, ಹೊಲಿದಿತ್ತು.”

“ಮತ್ತೆ ಒಣ ಅಡಿಕೆ ಅಂತ ಹೆಂಗ್ ಗೊತ್ತಾತು?”

“ಸಪ್ಪಳ ಬರ್ತಿತ್ರೀ. ಗಲಗಲ ಅಂತಿತ್ತು.”

“ನೀವೆಲ್ಲಿದ್ರಿ?”

“ಚಾನಲ್ ಆಚೆ ದಂಡೆ ಮ್ಯಾಲೆ.”

“ಚಾನಲ್‌ನಾಗೆ ನೀರಿತ್ತಾ?”

“ಇತ್ರೀ. ಅವತ್ತೇ ಬಿಟ್ಟಿದ್ರು, ಭಾಳ ಜೋರಿತ್ತು.”

ಅಷ್ಟೇ. ವಕೀಲರು ಕೂತುಬಿಟ್ಟರು. ಹಾಗಾದರೆ ನಿನಗೆ ಕೇಳಿಸಿದ್ದು ಹೇಗೆ ಅಂತ ಕೇಳಲೂ ಇಲ್ಲ. ಕೇಳಿದ್ದರೆ ಅವನು ಏನೋ ಒಂದು ಸಮಜಾಯಿಷಿ ಕೊಟ್ಟೇ ಕೊಡ್ತಿದ್ದ. ಇಷ್ಟೆಲ್ಲ ನಡೆಯುವಾಗ ನಾನು ಹತ್ತು ಅಡಿ ದೂರದಲ್ಲಿ ಕೂತು ಬೇವಿನ ಮರ ನೋಡುತ್ತಿದ್ದೆ!

‘ಮಾತು ಬಾರದ ಆಟಗಾರನಿಗೆ ದಾಳವೇ ಆಸರೆ’ ಅಂತ ಬರೆದಿದ್ದೀರಿ. ಆ ವಕೀಲರಿಗೂ ಮಾತು ಬರ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ಒಂದು ಚಾನಲ್ಲು, ಅದರಲ್ಲಿ ಒಂದಿಷ್ಟು ನೀರು. ಅದನ್ನು ಮೊದಲೇ ಇಟ್ಟಿರಬೇಕಾದವರು ಡಿಎಂ, ಅಂದರೆ ನೀವು. ಒಬ್ಬೊಬ್ಬ ಸಾಕ್ಷಿಗೂ ಒಂದು ಚೀಟಿ ಬರೆದುಕೊಳ್ಳಿ. ಅವಳು ಎಲ್ಲಿ ನಿಂತಿದ್ದಳು, ನಿಜವಾಗಿ ಕಂಡದ್ದೆಷ್ಟು, ಊಹಿಸಿಕೊಂಡದ್ದೆಷ್ಟು, ಯಾವುದನ್ನು ಹೇಳೋಕೆ ನಾಚಿಕೆ. ಆಟಗಾರರು ಹಿಂದಿನ ದಿನವೇ ಆ ಜಾಗಕ್ಕೆ ಹೋಗಿ ನೋಡಿ ಬರಲಿ. ಕೋರ್ಟಿನಲ್ಲಿ ಒಂದು ಪದ್ಧತಿ ಇದೆ: ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆಯನ್ನು ಎದುರು ಪಕ್ಷದ ಸಾಕ್ಷಿಗೆ ಕೇಳಬಹುದು, ನಿಮ್ಮ ಸಾಕ್ಷಿಗೆ ಸಾಮಾನ್ಯವಾಗಿ ಕೇಳೋ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದಿತ್ತು, ಅದರ ಬದಲು ಬಂದ 2023ರ ಕಾನೂನಿನಲ್ಲೂ ಇದೆ. ನಿಮ್ಮ ಮೇಜಿಗೂ ಇದೇ ನಿಯಮ ತನ್ನಿ. ತಮ್ಮ ಸಾಕ್ಷಿಗೆ ‘ಆಮೇಲೆ ಏನಾಯ್ತು?’ ಅಂತ ಕೇಳಬೇಕು, ಎದುರಿನವರ ಸಾಕ್ಷಿಗೆ ‘ನಿಮ್ಮ ತಲೆ ಮೇಲೆ ಕೊಡ ಇತ್ತು, ಅಲ್ವಾ?’ ಅಂತ ಹಿಡಿಯಬಹುದು. ಮಾತು ಬಾರದ ಹುಡುಗನೂ ಇಷ್ಟು ಮಾಡ್ತಾನೆ.

ದಾಳ ಪ್ರಶ್ನೆಯ ಹಿಂದೆ ಬರಲಿ. ಆಕೆ ಏನೋ ಮುಚ್ಚಿಡ್ತಿದ್ದಾಳೆ ಅಂತ ವಕೀಲನಿಗೆ ಹೊಳೆಯಿತಾ ಇಲ್ವಾ, ಅದಕ್ಕೆ ಇನ್‌ಸೈಟ್ ದಾಳ, ಅಂದರೆ ಎದುರಿನವರ ಮನಸ್ಸು ಅರಿಯುವ ಜಾಣ್ಮೆಯ ದಾಳ, ಹಾಕಿಸಿ. ಪ್ರಶ್ನೆಯೇ ಸರಿಯಾಗಿ ನಾಟಿದರೆ ದಾಳ ಮುಟ್ಟಲೇಬೇಡಿ.

ಇನ್ನೊಂದು ಸಾಲು. ‘ಝೋನ್ ಆಫ್ ಟ್ರೂತ್ ಮಂತ್ರವನ್ನು ಮೊದಲೇ ನಿಷೇಧಿಸಿಬಿಡಿ, ಇಲ್ಲದಿದ್ದರೆ ವಿಚಾರಣೆಯೇ ಇರುವುದಿಲ್ಲ.’

ನನ್ನ ತಂಗಿಯ ಮಗನೂ ಹಾಸ್ಟೆಲಿನಲ್ಲಿ ಈ ಆಟ ಆಡ್ತಾನೆ. ಅವನಿಂದ ನಿಯಮದ ಪುಸ್ತಕ ತರಿಸಿ ಓದಿದೆ. ಸುತ್ತ 15 ಅಡಿ, 10 ನಿಮಿಷ. ಮಂತ್ರ ತಗುಲಿದವರು ಬೇಕಂತಲೇ ಸುಳ್ಳು ಹೇಳೋ ಹಾಗಿಲ್ಲ, ಅಷ್ಟೇ. ಬಾಯಿ ಬಿಡಲೇಬೇಕು ಅಂತ ಎಲ್ಲೂ ಇಲ್ಲ. ಮಂತ್ರ ಬಿದ್ದಿದೆ ಅಂತ ಅವರಿಗೂ ಗೊತ್ತು, ಜಾರಿಕೊಳ್ಳಬಹುದು. ನಮ್ಮ ಹಳ್ಳಿ ಸಾಕ್ಷಿ ಯಾರನ್ನಾದರೂ ಒಳಗೆ ನಿಲ್ಲಿಸಿ ನೋಡಿ. ‘ನೀನು ಎಲ್ಲಿದ್ದೆ’ ಅಂದರೆ ಅಜ್ಜನ ಕಾಲದ ಬಾವಿಯಿಂದ ಶುರು ಮಾಡ್ತಾನೆ. ಒಂದೂ ಸುಳ್ಳಿಲ್ಲ, 10 ನಿಮಿಷ ಮುಗಿದಿರುತ್ತೆ. ಇನ್ನು ಮಂತ್ರ ಯಾರಿಗೆ ತಗುಲಿತು, ಯಾರು ತಪ್ಪಿಸಿಕೊಂಡರು ಅನ್ನೋದು ಮಂತ್ರ ಹಾಕಿದ ಪೂಜಾರಿಗೆ ಗೊತ್ತಾಗುತ್ತೆ. ಆ ಪೂಜಾರಿ ಯಾರ ಕಡೆಯವನು? ಮೊದಲು ಅವನನ್ನೇ ಕಟಕಟೆ ಹತ್ತಿಸಿ.

ಅಡಿಕೆ ಕೇಸಿನ ಸಾಕ್ಷಿಗೆ ಈ ಮಂತ್ರ ಹಾಕಿದ್ದರೂ ಅವನು ಅದನ್ನೇ ಹೇಳ್ತಿದ್ದ. ಅವನು ಸುಳ್ಳು ಹೇಳ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತೆ. ಪಕ್ಕದ ತೋಟದವನು ಕಳ್ಳ ಅಂತ ಮೊದಲೇ ನಂಬಿದ್ದ. ಗಲಗಲ ಸಪ್ಪಳವನ್ನು ಕಿವಿ ತಾನೇ ಸೇರಿಸಿಕೊಂಡಿತ್ತು. ನೀರು ಮಾರುವ ನಿಮ್ಮ ಹೆಂಗಸನ್ನೂ ಹಾಗೇ ಮಾಡಬಹುದಿತ್ತು. ನೀವು ಆಕೆಯನ್ನು ಸುಳ್ಳಿ ಮಾಡಿ 18ಕ್ಕೆ ಮುಗಿಸಿಬಿಟ್ರಿ.

ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಅದೇ ಪುಸ್ತಕದಲ್ಲಿ ಸ್ಪೀಕ್ ವಿತ್ ಡೆಡ್ ಅನ್ನೋ, ಸತ್ತವರನ್ನು ಮಾತಾಡಿಸೋ ಮಂತ್ರ ಇದೆ. ಹೆಣಕ್ಕೆ ಬಾಯಿ ಇರಬೇಕು, 5 ಪ್ರಶ್ನೆ ಕೇಳಬಹುದು. ಬದುಕಿದ್ದಾಗ ಗೊತ್ತಿದ್ದಷ್ಟೇ ಅದಕ್ಕೆ ಗೊತ್ತು, ಉತ್ತರವೂ ಚುಟುಕು. ನಿಮ್ಮ ಕತೆಯಲ್ಲಿ ಕಿಂಡಿ ಹತ್ತಿರ ಒನಕೆ ಹಿಡಿದು ಸತ್ತವಳು ಒಬ್ಬಳಿದ್ದಾಳೆ. ಅವನಿಗೆ ಊಟ ಬಡಿಸಿದವಳೂ ಅವಳೇ. ಅವಳನ್ನು ಯಾರೂ ಕರೆಸಲೇ ಇಲ್ಲವಲ್ರೀ!

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಪೂರ್ತಿ ತಿದ್ದಬೇಡಿ. ಅವಳಿಗೆ ಕೇಳುವ 5 ಪ್ರಶ್ನೆ, ಅವಳ ಉತ್ತರ, ಇಷ್ಟನ್ನೇ ಬರೆದು ಕಳಿಸಿ, ಉಳಿದದ್ದು ಆಮೇಲೆ ನೋಡೋಣ. ‘ನಿನ್ನ ಗಂಡ ದ್ರೋಹಿಯಾ?’ ಅಂತ ಮಾತ್ರ ಶುರು ಮಾಡಬೇಡಿ. ಅವಳು ಅಲ್ಲ ಅಂದರೂ ಯಾರು ನಂಬ್ತಾರೆ? ಅವತ್ತು ಅಡುಗೆ ಎಷ್ಟು ಹೊತ್ತಿಗೆ ಆಗಿತ್ತು ಅಂತ ಕೇಳಿ ನೋಡಿ.

ಇಂತಿ,
ಸಂಪಾದಕ