ಐ-140 ಪ್ರೀಮಿಯಂಗೆ ಕೈಯಿಂದ ದುಡ್ಡು ಕೊಡಬಹುದಾ? ನಾನು ಎರಡು ಸಲ ಕೊಟ್ಟಿದ್ದೇನೆ

ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿ ಐದನೇ ವರ್ಷ ನಡೀತಿದೆ, ಪರ್ಮ್ (ಗ್ರೀನ್ ಕಾರ್ಡಿನ ಮೊದಲ ಹಂತ, ಕಾರ್ಮಿಕ ಇಲಾಖೆಯ ಒಪ್ಪಿಗೆ) ಈಗಷ್ಟೇ ಅಪ್ರೂವ್ ಆಗಿದೆ, ಕಂಪನಿಯವರು ಐ-140ಯನ್ನು (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕೋ ಅರ್ಜಿ) ಮಾಮೂಲಿ ದಾರಿಯಲ್ಲಿ ಹಾಕ್ತೀವಿ, ಪ್ರೀಮಿಯಂ (ಅರ್ಜಿ ಬೇಗ ನೋಡಲಿ ಅಂತ ಕಟ್ಟೋ ಹೆಚ್ಚುವರಿ ಫೀ) ಬೇಕಿದ್ರೆ 2,965 ಡಾಲರ್ ನೀವೇ ಕೊಡಿ ಅಂತಿದ್ದಾರೆ, ಹೆಂಡತಿ ಎಚ್-4ನಲ್ಲಿ (ಎಚ್-1ಬಿಯವರ ಸಂಗಾತಿಯ ವೀಸಾ) ಮನೆಯಲ್ಲೇ ಇದ್ದಾರೆ. ಕೊಡೋದಾ ಬೇಡವಾ ಅಂತ ಕೇಳಿದ್ದೀರಿ.

ಕೊಡಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಎರಡನೇ ಯೋಚನೆ ಮಾಡ್ತಿರಲಿಲ್ಲ. ಆದರೆ ಆ ದುಡ್ಡಿಗೆ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದು ಗೊತ್ತಿರಲಿ. ನನಗೆ ಮೊದಲನೇ ಸಲ ಗೊತ್ತಿರಲಿಲ್ಲ.

ಅದು 2019ರ ಕಥೆ. ನನ್ನ ಎಚ್-1ಬಿ ಎಕ್ಸ್‌ಟೆನ್ಷನ್. ಮೇ ಕೊನೆಗೆ ಹಾಸನದಲ್ಲಿ ತಂಗಿ ಮದುವೆ. ಊರಿಗೆ ಹೋಗಿ, ಹಾಗೇ ಚೆನ್ನೈಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪಿಂಗ್ ಮುಗಿಸಿಕೊಂಡು ವಾಪಸ್ ಬರೋದು ನನ್ನ ಲೆಕ್ಕ. ಅದಕ್ಕೆ ಅಪ್ರೂವಲ್ ನೋಟಿಸ್ ಕೈಯಲ್ಲಿರಬೇಕು. ಏಪ್ರಿಲ್‌ನಲ್ಲಿ ಪ್ರೀಮಿಯಂ ಹಾಕಿಸಿದೆ, ಆಗ 1,410 ಡಾಲರ್. ಊರಿಗೆ ಹೋಗೋದು ನನ್ನ ಸ್ವಂತ ಕೆಲಸ, ಹಾಗಾಗಿ ನಾನೇ ಕಟ್ಟಿದೆ. 15 ದಿನದಲ್ಲಿ ಅಪ್ರೂವಲ್ ಬಂದೇ ಬರುತ್ತೆ ಅಂದುಕೊಂಡು ಟಿಕೆಟ್ ಕೂಡ ಬುಕ್ ಮಾಡಿದ್ದೆ. ಹದಿಮೂರನೇ ದಿನ ಬೆಳಿಗ್ಗೆ ಅಟಾರ್ನಿ ಆಫೀಸಿನಿಂದ ಮೇಲ್. ಆರ್‌ಎಫ್‌ಇ. ಅಂದರೆ ಇನ್ನಷ್ಟು ದಾಖಲೆ ಕೊಡಿ ಅಂತ. ನಾನು ಕೆಲಸ ಮಾಡುತ್ತಿದ್ದದ್ದು ಕ್ಲೈಂಟ್ ಜಾಗದಲ್ಲಿ, ಅವರಿಂದ ಒಂದು ಲೆಟರ್ ಬೇಕಿತ್ತು. ಆ ಕಾಲದಲ್ಲಿ ಕನ್ಸಲ್ಟಿಂಗ್‌ನಲ್ಲಿದ್ದ ಎಲ್ಲರಿಗೂ ಇದೇ ಪಾಡು. ಕ್ಲೈಂಟ್ ಕಡೆಯ ಮ್ಯಾನೇಜರ್ ಇವತ್ತು ಲೀಗಲ್‌ನವರನ್ನ ಕೇಳ್ತೀನಿ, ನಾಳೆ ಕೇಳ್ತೀನಿ ಅಂತ ಐದು ವಾರ ತಳ್ಳಿದರು. ತಂಗಿಗೆ ಧಾರೆ ಎರೆಯೋದನ್ನ ನಾನು ನೋಡಿದ್ದು ವಾಟ್ಸಾಪ್ ವಿಡಿಯೋದಲ್ಲಿ, ರಾತ್ರಿ ಹನ್ನೊಂದೂವರೆಗೆ, ಅಡುಗೆಮನೆ ಕಟ್ಟೆ ಮೇಲೆ ಫೋನನ್ನ ಉಪ್ಪಿನಕಾಯಿ ಬಾಟಲಿಗೆ ಒರಗಿಸಿಟ್ಟು. ಫೋನ್ ಹಿಡಿದಿದ್ದ ಮಾವನ ಮಗ ಅರ್ಧ ಹೊತ್ತು ಓಲಗದವರನ್ನೇ ತೋರಿಸಿದ.

ತಪ್ಪು ಯಾರದು? ನಿಯಮದ ಪ್ರಕಾರ ಎಲ್ಲವೂ ಸರಿಯಾಗೇ ನಡೆದಿತ್ತು. ಪ್ರೀಮಿಯಂ ಅಂದರೆ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಕೊಡೋ ಮಾತು ಇಷ್ಟೇ: ಇಂತಿಷ್ಟು ದಿನದೊಳಗೆ ನಿಮ್ಮ ಫೈಲನ್ನ ಕೈಗೆತ್ತಿಕೊಂಡು ಏನಾದರೊಂದು ಮಾಡ್ತೀವಿ ಅಂತ. ಅಪ್ರೂವ್ ಮಾಡಬಹುದು, ತಿರಸ್ಕರಿಸಬಹುದು, ಆರ್‌ಎಫ್‌ಇ ಕಳಿಸಬಹುದು, ತಿರಸ್ಕರಿಸೋ ಯೋಚನೆಯಿದೆ ಅಂತ ನೋಟಿಸ್ ಕೊಡಬಹುದು, ಮೋಸದ ಅನುಮಾನ ಬಂದರೆ ತನಿಖೆ ಶುರು ಮಾಡಬಹುದು. ಇದರಲ್ಲಿ ಯಾವುದಾದರೂ ಸರಿ, ಮಾತು ಉಳಿಸಿಕೊಂಡ ಹಾಗೆಯೇ. ಆರ್‌ಎಫ್‌ಇ ಬಂದರೆ ಗಡಿಯಾರ ನಿಲ್ಲುತ್ತೆ, ನೀವು ಉತ್ತರ ಕಳಿಸಿ ಅದು ಅವರಿಗೆ ತಲುಪಿದ ದಿನದಿಂದ ಲೆಕ್ಕ ಮತ್ತೆ ಒಂದರಿಂದ. ಏನೂ ಮಾಡದೆ ದಿನ ಮೀರಿಸಿದರೆ ಮಾತ್ರ ಪ್ರೀಮಿಯಂ ಫೀ ವಾಪಸ್.

ನಮ್ಮಪ್ಪ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಇದನ್ನ ವಿವರಿಸಿದಾಗ, "ಅಂದ್ರೆ ಮೇಜಿನ ಕೆಳಗೆ ಕೊಡೋದನ್ನ ಮೇಜಿನ ಮೇಲೆ ಕೊಟ್ಟು ರಸೀದಿ ಇಸ್ಕೊಂಡೆ ಅನ್ನು" ಅಂದರು. ಆಮೇಲೆ ವಾಪಸ್ ಕೊಡೋ ವಿಷಯ ಹೇಳಿದೆ. ನಮ್ಮಲ್ಲಿ ಸಕಾಲ ಕಾಯ್ದೆ 2011ರಲ್ಲಿ ಬಂತಲ್ಲ, ಅದರಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದರೆ 500. ಇಲ್ಲಿ ಇಡೀ ಫೀ ವಾಪಸ್ ಅಂತ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು.

ಈಗ ದಿನದ ಲೆಕ್ಕ. ಮಾಮೂಲಿ ಇಬಿ-2, ಇಬಿ-3 (ಉದ್ಯೋಗದ ಮೇಲಿನ ಗ್ರೀನ್ ಕಾರ್ಡಿನ ವರ್ಗಗಳು) ಐ-140ಗೆ 15 ದಿನ. 2024ರ ಏಪ್ರಿಲ್‌ವರೆಗೆ ಇದು ಕ್ಯಾಲೆಂಡರ್ ದಿನ ಆಗಿತ್ತು, ಆಮೇಲೆ ಕೆಲಸದ ದಿನ ಅಂತ ಬದಲಾಯಿಸಿದರು. ಶನಿವಾರ, ಭಾನುವಾರ, ಸರ್ಕಾರಿ ರಜೆ ಎಲ್ಲ ಕಳೆದರೆ ಕಡಿಮೆ ಅಂದರೂ ಮೂರು ವಾರ, ನವೆಂಬರ್ ಡಿಸೆಂಬರ್‌ನಲ್ಲಾದರೆ ಇನ್ನೂ ಸ್ವಲ್ಪ ಜಾಸ್ತಿ. ಮಲ್ಟಿನ್ಯಾಷನಲ್ ಮ್ಯಾನೇಜರ್ ಲೆಕ್ಕದಲ್ಲಿ ಬರೋ ಇಬಿ-1ಸಿಗೆ ಮತ್ತು ನ್ಯಾಷನಲ್ ಇಂಟರೆಸ್ಟ್ ವೇವರ್‌ಗೆ (ದೇಶಹಿತದ ಲೆಕ್ಕದಲ್ಲಿ ಪರ್ಮ್ ಇಲ್ಲದೆ ಹಾಕೋದು) 45 ಕೆಲಸದ ದಿನ. ನಿಮ್ಮದು ಪರ್ಮ್ ಮೂಲಕ ಆಗಿರೋದರಿಂದ 15. ಇನ್ನು ಫೀ ಏರಿರೋ ಪರಿ ನೋಡಿ: 2001ರಲ್ಲಿ ಶುರುವಾದಾಗ 1,000 ಡಾಲರ್ ಇತ್ತು, 2020ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 2,500 ಆಯ್ತು, 2024ರ ಫೆಬ್ರವರಿಯಲ್ಲಿ 2,805, 2026ರ ಮಾರ್ಚ್ 1ರಿಂದ 2,965. ರೂಪಾಯಿಗೆ ಲೆಕ್ಕ ಹಾಕಬೇಡಿ, ಹೊಟ್ಟೆ ಉರಿಯುತ್ತೆ. ಎರಡೂವರೆ ಲಕ್ಷ ದಾಟುತ್ತೆ.

ಇಷ್ಟು ಕೊಟ್ಟರೂ ಗ್ರೀನ್ ಕಾರ್ಡ್ ಒಂದು ದಿನವೂ ಬೇಗ ಬರಲ್ಲ. ಇದನ್ನ ನನ್ನ ಆಫೀಸಿನಲ್ಲೇ ನಾಲ್ಕೈದು ಜನಕ್ಕೆ ಹೇಳಿ ಸಾಕಾಗಿದೆ. ಸಾಲಿನಲ್ಲಿ ನಿಮ್ಮ ಜಾಗ ಗೊತ್ತಾಗೋದು ಪ್ರಯಾರಿಟಿ ಡೇಟ್‌ನಿಂದ. ಅದು ನಿಮ್ಮ ಪರ್ಮ್ ಅರ್ಜಿ ಹಾಕಿದ ದಿನವೇ ಗಟ್ಟಿಯಾಗಿದೆ. ಐ-140 ಮೂರು ವಾರಕ್ಕೆ ಬರಲಿ ಒಂದು ವರ್ಷಕ್ಕೆ ಬರಲಿ, ಆ ತಾರೀಖು ಅದೇ. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡ್ ವರ್ಷಕ್ಕೆ ಹೆಚ್ಚುಕಡಿಮೆ 1,40,000, ಒಂದು ದೇಶಕ್ಕೆ ಶೇಕಡ 7ರ ಮಿತಿ. ಭಾರತದವರ ಇಬಿ-2 ಸಾಲು ಇನ್ನೂ ಹತ್ತು ವರ್ಷಕ್ಕೂ ಹಿಂದಿನ ತಾರೀಖಿನಲ್ಲಿ ತೆವಳುತ್ತಿದೆ. ಪರ್ಮ್‌ಗೆ ಪ್ರೀಮಿಯಂ ಇಲ್ಲ, ಅದು ಬೇರೆ ಇಲಾಖೆ. ಕೊನೆಯ ಹಂತದ ಐ-485ಗೂ ಇಲ್ಲ. ನಡುವೆ ಇರೋ ಈ ಒಂದು ಮೆಟ್ಟಿಲಿಗೆ ಮಾತ್ರ ಲಿಫ್ಟು.

ಹಾಗಾದರೆ ಕೊಡಿ ಅಂತ ಯಾಕೆ ಹೇಳಿದೆ?

ಎರಡನೇ ಸಲ ನಾನು ಕಟ್ಟಿದ್ದು 2022ರ ಏಪ್ರಿಲ್‌ನಲ್ಲಿ, ಇದೇ ಐ-140ಗೆ. ಆಗ ಎಚ್-1ಬಿಯಲ್ಲಿ ನನ್ನದು ಆರನೇ, ಅಂದರೆ ಮಾಮೂಲಿ ಮಿತಿಯ ಕೊನೆಯ ವರ್ಷ, ಸೆಪ್ಟೆಂಬರ್‌ಗೆ ಮುಗೀತಿತ್ತು. 2,500 ಡಾಲರ್ ಕೊಡುವಾಗ ಹಳೇ ಗಾಯ ನೆನಪಾಗಿ ಕೈ ನಡುಗಿತು. ಒಂಬತ್ತನೇ ದಿನ ಅಪ್ರೂವಲ್ ಬಂತು. ಅದರ ಮೇಲೆ ಮೂರು ವರ್ಷದ ಎಕ್ಸ್‌ಟೆನ್ಷನ್ ಸಿಕ್ಕಿತು. ಅದು ನಾನು ಬಯಸಿದ್ದೇ. ಬಯಸದೇ ಇದ್ದದ್ದು 2023ರ ಜನವರಿಯಲ್ಲಿ ಬಂತು, ಲೇಆಫ್. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಲಾಗಿನ್ ಆಗ್ತಿಲ್ಲ. ಪಾಸ್‌ವರ್ಡ್ ಮರೆತೆ ಅಂತ ಮೂರು ಸಲ ಹೊಡೆದೆ. ಆಮೇಲೆ ಫೋನ್ ನೋಡಿದೆ.

ಅದೇ ದಿನ ನನ್ನ ಟೀಮಿನ ಇನ್ನೊಬ್ಬರಿಗೂ ಕೆಲಸ ಹೋಯ್ತು. ಧಾರವಾಡ ಕಡೆಯವರು, ನನಗಿಂತ ಒಳ್ಳೆ ಕೆಲಸಗಾರ. ಅವರ ಐ-140 ಹಿಂದಿನ ಜುಲೈನಲ್ಲಿ ಮಾಮೂಲಿ ದಾರಿಯಲ್ಲಿ ಹಾಕಿದ್ದರು, ಇನ್ನೂ ಬಾಕಿ ಇತ್ತು. ಹೇಗೂ ಹತ್ತು ವರ್ಷ ಕಾಯ್ಬೇಕು, ಸುಮ್ನೆ ಯಾಕೆ ದುಡ್ಡು ಅಂತ ಪ್ರೀಮಿಯಂ ಬಿಟ್ಟಿದ್ದರು. ಆ ಲೆಕ್ಕ ತಪ್ಪು ಅಂತ ಯಾರೂ ಹೇಳೋಕಾಗಲ್ಲ, ಪ್ರಯಾರಿಟಿ ಡೇಟ್ ದೃಷ್ಟಿಯಿಂದ ಅದು ಸರಿಯಾದ ಲೆಕ್ಕವೇ. ಆದರೆ ಕಂಪನಿ ಬಾಕಿ ಇದ್ದ ಅರ್ಜಿಯನ್ನ ವಾಪಸ್ ತಗೊಂಡಿತು. ಅಪ್ರೂವ್ ಆಗದೇ ಇರೋ ಐ-140 ವಾಪಸ್ ಹೋದರೆ ಪ್ರಯಾರಿಟಿ ಡೇಟ್ ಕೂಡ ಅದರ ಜೊತೆಗೇ ಹೋಗುತ್ತೆ. ಹೊಸ ಕಂಪನಿಯಲ್ಲಿ ಪರ್ಮ್‌ನಿಂದ ಮತ್ತೆ ಶುರು, ಸಾಲಿನ ಬಾಲಕ್ಕೆ.

ನನ್ನದು ಅಪ್ರೂವ್ ಆಗಿ ಒಂಬತ್ತು ತಿಂಗಳಾಗಿತ್ತು. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಒಂದಿದೆ. ಐ-140 ಅಪ್ರೂವ್ ಆಗಿ 180 ದಿನ ದಾಟಿದ ಮೇಲೆ ಹಳೇ ಕಂಪನಿ ಅದನ್ನ ವಾಪಸ್ ತಗೊಂಡರೂ, ಅಷ್ಟಕ್ಕೇ ಅದು ರದ್ದಾಗಲ್ಲ. ಅದನ್ನ ಹಿಡಿದುಕೊಂಡೇ ಬೇರೆ ಕಂಪನಿಯಲ್ಲಿ ಆರು ವರ್ಷದಾಚೆಗೂ ಎಚ್-1ಬಿ ಮುಂದುವರಿಸಬಹುದು, ಹಳೇ ಪ್ರಯಾರಿಟಿ ಡೇಟ್ ಉಳಿಯುತ್ತೆ. 180 ದಿನಕ್ಕೆ ಮೊದಲೇ ವಾಪಸ್ ತಗೊಂಡರೆ ಡೇಟ್ ಸಾಮಾನ್ಯವಾಗಿ ಉಳಿದರೂ ಎಕ್ಸ್‌ಟೆನ್ಷನ್‌ಗೆ ಅದು ಕೆಲಸಕ್ಕೆ ಬರಲ್ಲ. ಈ 180 ದಿನ ಎಣಿಕೆ ಆಗೋದು ಅರ್ಜಿ ಹಾಕಿದ ದಿನದಿಂದ ಅಲ್ಲ, ಅಪ್ರೂವ್ ಆದ ದಿನದಿಂದ. ಅಂದರೆ ನೀವು ಕೊಡೋ 2,965 ಡಾಲರ್ ಗ್ರೀನ್ ಕಾರ್ಡಿಗಲ್ಲ, ಈ 180 ದಿನದ ಲೆಕ್ಕ ಆದಷ್ಟು ಬೇಗ ಶುರುವಾಗಲಿ ಅಂತ. ಕೆಲಸ ಹೋದ ಮೇಲೆ ಹೊಸ ಕೆಲಸ ಹುಡುಕಿಕೊಳ್ಳೋಕೆ ಸಿಗೋದು ಜಾಸ್ತಿ ಅಂದರೆ 60 ದಿನ. ನನ್ನ ಹೊಸ ಕಂಪನಿಯವರು ಅರ್ಜಿ ಹಾಕಿದ್ದು 51ನೇ ದಿನ. ಅಪ್ರೂವ್ ಆದ ಐ-140 ಇದೆ ಅಂದಾಗ ಅವರ ಅಟಾರ್ನಿ ಮುಖದಲ್ಲಿ ಬಂದ ನಿರಾಳ ನನಗೆ ಇನ್ನೂ ನೆನಪಿದೆ.

(ಪರ್ಮ್‌ಗೂ ಒಂದು 180 ದಿನ ಇದೆ, ಎರಡನ್ನೂ ಕಲೆಸಬೇಡಿ. ಪರ್ಮ್ ಅಪ್ರೂವ್ ಆದ 180 ದಿನದೊಳಗೆ ಐ-140 ಹಾಕಲೇಬೇಕು, ಇಲ್ಲಾಂದರೆ ಪರ್ಮ್ ಸತ್ತಹಾಗೆ. ಪ್ರೀಮಿಯಂ ಹಾಕಿ ಹಾಕದಿರಿ, ಎಚ್‌ಆರ್ ಇದನ್ನ ಎಳೆಯೋಕೆ ಬಿಡಬೇಡಿ.)

ನಿಮ್ಮ ಮನೆಯವರ ವಿಷಯ. ಎಚ್-4ನಲ್ಲಿರೋರಿಗೆ ಕೆಲಸದ ಪರ್ಮಿಟ್ ಬೇಕಂದರೆ ಸಾಮಾನ್ಯವಾಗಿ ನಿಮ್ಮ ಐ-140 ಅಪ್ರೂವ್ ಆಗಿರಬೇಕು. 2015ರಿಂದ ಇರೋ ನಿಯಮ ಇದು. ಹಾಗಾಗಿ ಪ್ರೀಮಿಯಂನಿಂದ ಅವರ ಅರ್ಜಿ ಹಾಕೋ ದಿನ ಹತ್ತಿರ ಬರುತ್ತೆ. ಆದರೆ ಆ ಅರ್ಜಿಗೆ ಪ್ರೀಮಿಯಂ ಇಲ್ಲ, ಅದು ತನ್ನ ಪಾಡಿಗೆ ತಿಂಗಳುಗಟ್ಟಲೆ ತಗೊಳ್ಳುತ್ತೆ. ಐ-140 ಬಂದ ಮರುದಿನವೇ ಕೆಲಸಕ್ಕೆ ಸೇರಬಹುದು ಅಂತ ಮನೆಯಲ್ಲಿ ಹೇಳಿಬಿಡಬೇಡಿ. ನಾನು ಹೇಳಿದ್ದೆ. ಆದರೂ ನಿಮ್ಮ ಹೆಂಡತಿಯ ಒಂದು ವರ್ಷದ ಸಂಬಳ, ಅಥವಾ ನಾಲ್ಕು ತಿಂಗಳದ್ದೇ ಇಟ್ಟುಕೊಳ್ಳಿ, ಅದರ ಮುಂದೆ ಈ ಫೀ ಏನೂ ಅಲ್ಲ.

ಯಾರು ಕಟ್ಟಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಪರ್ಮ್ ಖರ್ಚು, ಅಟಾರ್ನಿ ಫೀ ಸೇರಿ, ಕಾನೂನಿನ ಪ್ರಕಾರ ಕಂಪನಿಯದ್ದೇ. ಅದನ್ನ ನಿಮ್ಮಿಂದ ವಸೂಲಿ ಮಾಡೋಕೆ ನೋಡಿದರೆ ಒಪ್ಪಬೇಡಿ. ಐ-140 ಮತ್ತು ಅದರ ಪ್ರೀಮಿಯಂ ಹಾಗಲ್ಲ, ನೀವು ಕೊಡಬಹುದು. ಎಚ್-1ಬಿಯಲ್ಲಿ ಕಂಪನಿಗೆ ತನ್ನ ಕೆಲಸಕ್ಕೆ ಪ್ರೀಮಿಯಂ ಬೇಕಿದ್ದರೆ ಅದು ಕಂಪನಿ ಖರ್ಚು, ನಿಮಗೆ ಊರಿಗೆ ಹೋಗೋ ಆತುರ ಇದ್ದರೆ ನಿಮ್ಮದು. ಆದರೆ ಒಂದು ಮಾತು, ದುಡ್ಡು ನಿಮ್ಮದಾದರೂ ಐ-907 ಅನ್ನೋ ಪ್ರೀಮಿಯಂ ಅರ್ಜಿಗೆ ಸಹಿ ಹಾಕೋದು ಕಂಪನಿ ಅಥವಾ ಅವರ ಅಟಾರ್ನಿ. ನಿಮ್ಮಷ್ಟಕ್ಕೆ ನೀವು ಹಾಕೋಕಾಗಲ್ಲ. ಮಾಮೂಲಿಯಾಗಿ ಹಾಕಿ ಆಮೇಲೆ ಪ್ರೀಮಿಯಂಗೆ ಅಪ್‌ಗ್ರೇಡ್ ಮಾಡಿಸಬಹುದು, ಲೇಆಫ್ ಗಾಳಿ ಬೀಸಿದಾಗ ನೋಡಿಕೊಳ್ಳೋಣ ಅನ್ನೋರು ಬಹಳ ಜನ ಇದ್ದಾರೆ. ಆ ಗಾಳಿ ಬೀಸುವ ವಾರ ಎಚ್‌ಆರ್‌ನವರು ನಿಮ್ಮ ಮೇಲ್‌ಗೆ ಉತ್ತರ ಕೊಡ್ತಾರಾ ಅಂತ ಯೋಚಿಸಿ ನೋಡಿ.

ಎಲ್ಲದಕ್ಕೂ ಪ್ರೀಮಿಯಂ ಬೇಕು ಅಂತಲ್ಲ ಮತ್ತೆ. ಮಾಮೂಲಿ ಎಚ್-1ಬಿ ಎಕ್ಸ್‌ಟೆನ್ಷನ್ ಅವಧಿ ಮುಗಿಯೋ ಮೊದಲೇ ಹಾಕಿದ್ದರೆ, ಅದು ಬಾಕಿ ಇರುವಾಗಲೂ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮಾಡಬಹುದು. ಸುಮ್ನೆ ನಿದ್ದೆ ಬರಲಿ ಅಂತ ಮೂರು ಸಾವಿರ ಡಾಲರ್ ಯಾಕೆ? ಆದರೆ ಡ್ರೈವಿಂಗ್ ಲೈಸೆನ್ಸ್ ಅವಧಿ ನೋಡಿಕೊಳ್ಳಿ, ಹಲವು ರಾಜ್ಯಗಳಲ್ಲಿ ಅದು ವೀಸಾ ಕಾಗದದ ತಾರೀಖಿಗೇ ಮುಗಿಯುತ್ತೆ. ನನ್ನ ಗೆಳೆಯನೊಬ್ಬ ಇದನ್ನ ಮರೆತು ಎರಡು ವಾರ ಹೆಂಡತಿ ಕಾರು ಓಡಿಸ್ತಿದ್ದರೆ ಪಕ್ಕದಲ್ಲಿ ಕೂತು ಆಫೀಸಿಗೆ ಹೋದ. ಬ್ರೇಕ್ ಹಾಕು ಬ್ರೇಕ್ ಹಾಕು ಅಂತ ದಾರಿಯುದ್ದಕ್ಕೂ ಕಿರುಚಿ, ಒಂದು ದಿನ ಅವಳು ಅವನನ್ನ ಅರ್ಧ ದಾರಿಯಲ್ಲೇ ಇಳಿಸಿದ್ದಳು.

ಇವತ್ತು ಸಂಜೆಯೊಳಗೆ ಎಚ್‌ಆರ್‌ಗೆ ಮೇಲ್ ಹಾಕಿ. ಪ್ರೀಮಿಯಂ ಫೀ ನಾನೇ ಕೊಡ್ತೀನಿ, ಐ-140 ಜೊತೆಗೇ ಐ-907 ಹಾಕಿ ಅಂತ ಬರೆಯಿರಿ. ಅರ್ಜಿ ಹೋಗೋ ಮೊದಲು ನಿಮ್ಮ ಹಳೇ ಕಂಪನಿಗಳ ಅನುಭವ ಪತ್ರ, ಡಿಗ್ರಿ ಸರ್ಟಿಫಿಕೇಟ್ ಎಲ್ಲ ಪರ್ಮ್‌ನಲ್ಲಿ ಬರೆದಿರೋದಕ್ಕೆ ಸರಿಯಾಗಿ ಹೊಂದುತ್ತಾ ಅಂತ ನೀವೇ ಒಂದು ಸಲ ಕೂತು ನೋಡಿ. ನನ್ನ ಮೊದಲ ಸಲದ ಹಾಗೆ ಆರ್‌ಎಫ್‌ಇ ಬಂದರೆ ದುಡ್ಡೂ ಹೋಯ್ತು, ದಿನವೂ ಹೋಯ್ತು. ಅಪ್ರೂವಲ್ ಆದಾಗ ಐ-797 ಅನ್ನೋ ಅಪ್ರೂವಲ್ ನೋಟಿಸ್ ಹೋಗೋದು ಕಂಪನಿಗೆ ಮತ್ತು ಅಟಾರ್ನಿಗೆ, ನಿಮ್ಮ ಮನೆಗೆ ಬರಲ್ಲ. ಅದರ ಕಾಪಿ ಕೇಳಿ ಇಸ್ಕೊಳ್ಳಿ. ಕೊಡಲ್ಲ ಅಂದರೆ ರಿಸೀಟ್ ನಂಬರನ್ನಾದರೂ ಬರೆದಿಟ್ಟುಕೊಳ್ಳಿ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ನಿಮ್ಮ ಸ್ವಂತ ಮೇಲ್‌ನಲ್ಲಿ.